ಮತ್ತೆ ಮತ್ತೆ ತುಟಿ ಊದುತ್ತಿದೆಯೇ?

ಬೆಳಿಗ್ಗೆ ಎದ್ದಾಗ ಮೇಲ್ದುಟಿ ಊದಿಕೊಂಡಿರುತ್ತದೆ. ನೋವಿಲ್ಲ, ತುರಿಕೆಯಿಲ್ಲ. ರಾತ್ರಿ ಏನೋ ಕಚ್ಚಿರಬೇಕೆಂದು ಸುಮ್ಮನಾಗುತ್ತೀರಿ. ಕೆಲವು ದಿನಗಳಲ್ಲಿ ಬಾವು ಇಳಿಯುತ್ತದೆ. ತಿಂಗಳುಗಳ ನಂತರ ಮತ್ತೆ ಬರುತ್ತದೆ. ಅಲರ್ಜಿ ಮಾತ್ರೆಗೂ ಜಗ್ಗುವುದಿಲ್ಲ. ಹೀಗಾಗುತ್ತಿದ್ದರೆ ಮೆಲ್ಕರ್ಸನ್-ರೋಸೆಂತಾಲ್ ಎಂಬ ಅಪರೂಪದ ಉರಿಯೂತದ ಕಾಯಿಲೆಯನ್ನೂ ವೈದ್ಯರು ಶಂಕಿಸಬೇಕಾಗುತ್ತದೆ.

ಮುಖದ ಬಾವು ಮತ್ತು ಮುಖದ ಪಾರ್ಶ್ವವಾಯು ಜೊತೆಗೂಡಿ ಬರುವುದನ್ನು ಸ್ವೀಡನ್ನಿನ ವೈದ್ಯ ಮೆಲ್ಕರ್ಸನ್ 1928ರಲ್ಲಿ ವಿವರಿಸಿದರು. 1931ರಲ್ಲಿ ಜರ್ಮನಿಯ ರೋಸೆಂತಾಲ್ ಸೀಳು ಬಿದ್ದ ನಾಲಿಗೆಯನ್ನು ಮೂರನೆಯ ಲಕ್ಷಣವಾಗಿ ಸೇರಿಸಿದರು. ಮೂರೂ ಒಟ್ಟಿಗೆ ಕಾಣುವುದು ಕಡಿಮೆ; ಅನೇಕರಲ್ಲಿ ತುಟಿಯ ಬಾವೊಂದೇ ಇರುತ್ತದೆ. ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ.

ಆದರೆ ಅಲಕ್ಷ್ಯ ಸಲ್ಲದು. ಮೊದಮೊದಲು ಪೂರ್ತಿ ಇಳಿಯುವ ಬಾವು, ಮರುಕಳಿಸುತ್ತ ಹೋದಂತೆ ಗಟ್ಟಿಯಾಗಿ ಶಾಶ್ವತವಾಗಿ ಉಳಿದುಬಿಡಬಹುದು. ಆದ್ದರಿಂದ ಬೇಗ ಚರ್ಮರೋಗ ತಜ್ಞರನ್ನು ಕಾಣಿರಿ. ತುಟಿಯ ಸಣ್ಣ ತುಣುಕನ್ನು ತೆಗೆದು ಬಯಾಪ್ಸಿ ಮಾಡುತ್ತಾರೆ. ಕ್ಷಯ, ಕುಷ್ಠ, ಸಾರ್ಕಾಯ್ಡೋಸಿಸ್‌ಗಳಲ್ಲೂ ತುಟಿ ಊದಬಹುದಾದ್ದರಿಂದ ಅವು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪದೇ ಪದೇ ಭೇದಿ, ಹೊಟ್ಟೆನೋವು ಇದ್ದರೆ ಮರೆಯದೆ ಹೇಳಿ. ಕರುಳಿನ ಕ್ರೋನ್ಸ್ ಕಾಯಿಲೆಯೂ ಹೀಗೆ ತೋರಬಹುದು.

ಚಿಕಿತ್ಸೆಯಲ್ಲಿ ಮುಖ್ಯವಾದುದು ಸ್ಟೀರಾಯ್ಡ್. ಟ್ರಯಾಮ್ಸಿನೊಲೋನ್ ಔಷಧವನ್ನು ತುಟಿಗೇ ಚುಚ್ಚಿ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಕೊಡುತ್ತಾರೆ. ಬಾವು ಹೆಚ್ಚಿದ್ದರೆ ಸ್ವಲ್ಪ ಕಾಲ ಪ್ರೆಡ್ನಿಸೊಲೋನ್ ಮಾತ್ರೆ. ಕುಷ್ಠರೋಗಕ್ಕೆ ಬಳಸುವ ಕ್ಲೊಫಾಜಿಮಿನ್ ಕೂಡ ಕೆಲವರಿಗೆ ಗುಣ ಕೊಡುತ್ತದೆ; ಅದರಿಂದ ಚರ್ಮ ಕೆಂಗಂದು ಬಣ್ಣಕ್ಕೆ ತಿರುಗಿದರೆ ಗಾಬರಿಯಾಗದೆ ವೈದ್ಯರಿಗೆ ತಿಳಿಸಿ. ಚಕ್ಕೆ ಮತ್ತು ಬೆಂಜೋಯೇಟ್ ಬೆರೆತ ತಂಪು ಪಾನೀಯ, ಸಾಸ್‌ಗಳನ್ನು ಬಿಟ್ಟರೆ ಕೆಲವರಿಗೆ ಹಿತವಾಗುತ್ತದೆ. ಗಟ್ಟಿಯಾಗಿ ಉಳಿದ ತುಟಿಯನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ಬಾವು ಮರಳಬಹುದು. ಮುಖದ ಪಾರ್ಶ್ವವಾಯುವಿನಿಂದ ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗದಂತೆ ಹನಿ ಔಷಧ ಬೇಕು.

ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗಬೇಡಿ. ಸಕ್ಕರೆ ಏರಬಹುದು, ಅಡಗಿದ್ದ ಕ್ಷಯ ಕೆರಳಬಹುದು. ರಕ್ತದೊತ್ತಡಕ್ಕೆ ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆ ಸೇವಿಸುತ್ತಿದ್ದರೆ ಅದನ್ನೂ ತಿಳಿಸಿ. ಅವುಗಳಿಂದಲೂ ತುಟಿ ಊದುವುದುಂಟು.

ಬಾವಿನೊಂದಿಗೆ ನಾಲಿಗೆ ದಪ್ಪಗಾಗಿ ಉಸಿರು ಕಟ್ಟಿದರೆ ಮಾತ್ರ ಕಾಯಬೇಡಿ. ಅದು ಬೇರೆಯೇ ತುರ್ತು ಸ್ಥಿತಿ. ಕೂಡಲೇ ಆಸ್ಪತ್ರೆಗೆ ಹೋಗಿರಿ.