ಊರುಗಳು ಒಂದಾದರೆ ಮನೆಗಂದಾಯ ಇಳಿಯುವುದೇ? ನ್ಯೂಜೆರ್ಸಿ ರಾಜ್ಯದ ಅನುಭವ: ಒಂದು ಅಧ್ಯಯನ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗಳಲ್ಲಿ ಗಡಿಯ ವಿಷಯವೂ ಕಂದಾಯದ ವಿಷಯವೂ ಬೇರೆ ಬೇರೆ ದಿನಗಳಲ್ಲಿ ಚರ್ಚೆಗೆ ಬರುವುದು ವಾಡಿಕೆ. ಗಡಿ ಎಂದರೆ ಭೂಪಟ, ಕಂದಾಯ ಎಂದರೆ ಲೆಕ್ಕಪುಸ್ತಕ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಸ್ಥಳೀಯ ಸಂಸ್ಥೆಯ ಗಡಿರೇಖೆಯು ಯಾರ ಹಣ ಯಾರ ಊರಿಗೆ ಸಲ್ಲಬೇಕೆಂಬುದನ್ನು ನಿರ್ಧರಿಸುವ ರೇಖೆಯೂ ಹೌದು. ಈ ಸಂಬಂಧವನ್ನು ಸ್ಪಷ್ಟವಾಗಿ ಕಾಣಿಸುವ ಉದಾಹರಣೆಯೊಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿದೆ. ರಾಜ್ಯದ ತೆರಿಗೆ ಪದ್ಧತಿಯನ್ನು ಸುಧಾರಿಸಬೇಕೇ, ಚಿಕ್ಕ ಪಟ್ಟಣ ಸಂಸ್ಥೆಗಳನ್ನು ವಿಲೀನಗೊಳಿಸಬೇಕೇ ಎಂಬ ಜೋಡಿ ಚರ್ಚೆ ಅಲ್ಲಿ ಹಲವು ದಶಕಗಳಿಂದ ನಡೆಯುತ್ತಿದೆ.

ನ್ಯೂಜೆರ್ಸಿಯು ವಿಸ್ತೀರ್ಣದಲ್ಲಿ ಕರ್ನಾಟಕದ ಎಂಟನೆಯ ಒಂದು ಭಾಗದಷ್ಟೂ ಇಲ್ಲದ ರಾಜ್ಯ. ಅದರಲ್ಲಿ 21 ಕೌಂಟಿಗಳಿದ್ದು, ಇವು ಸ್ಥೂಲವಾಗಿ ನಮ್ಮ ಜಿಲ್ಲೆಗಳ ಸ್ಥಾನದಲ್ಲಿವೆ. ಅವುಗಳೊಳಗೆ 564 ಸ್ಥಳೀಯ ಸಂಸ್ಥೆಗಳಿವೆ. ಬರೋ, ಟೌನ್‌ಶಿಪ್, ಸಿಟಿ, ಟೌನ್, ವಿಲೇಜ್ ಎಂದು ಅವುಗಳಿಗೆ ಐದು ಬಗೆಯ ಹೆಸರುಗಳುಂಟು; ಆದರೆ ಒಂದು ಇನ್ನೊಂದರ ಅಧೀನವಲ್ಲ, ಪ್ರತಿಯೊಂದಕ್ಕೂ ತನ್ನದೇ ಆಡಳಿತ ಮಂಡಳಿ ಇದೆ. ಬರ್ಗನ್ ಎಂಬ ಒಂದೇ ಕೌಂಟಿಯಲ್ಲಿ ಇಂಥ 70 ಸಂಸ್ಥೆಗಳಿವೆ. ಇಷ್ಟು ಸಂಖ್ಯೆ ಬಂದುದು ಹೇಗೆ ಎಂಬುದರಲ್ಲಿಯೇ ವಿಷಯದ ಬೇರು ಇದೆ.

1894ರಲ್ಲಿ ಅಲ್ಲಿನ ಶಾಸನಸಭೆಯು ಟೌನ್‌ಶಿಪ್‌ಗಳ ಒಳಗಿದ್ದ ಚಿಕ್ಕ ಚಿಕ್ಕ ಶಾಲಾ ಜಿಲ್ಲೆಗಳನ್ನು ಒಗ್ಗೂಡಿಸುವ ಕಾಯಿದೆಯನ್ನು ಮಾಡಿತು. ತಮ್ಮ ಊರಿನ ಶಾಲೆಗೆ ಈಗಾಗಲೇ ಹಣ ತೆತ್ತಿದ್ದವರು ಪಕ್ಕದ ಊರಿನ ಶಾಲೆಯ ಸಾಲವನ್ನೂ ಹೊರಬೇಕಾಗುವ ಸ್ಥಿತಿ ಉಂಟಾಯಿತು. ಬರೋ ಆಗಿ ಬೇರ್ಪಟ್ಟರೆ ಈ ಹೊಣೆಯಿಂದ ಪಾರಾಗಬಹುದಿತ್ತು. ಆ ಒಂದೇ ವರ್ಷದಲ್ಲಿ ಬರ್ಗನ್ ಕೌಂಟಿಯಲ್ಲಿ 26 ಬರೋಗಳು ಹುಟ್ಟಿಕೊಂಡವು. ಇದನ್ನು ಅಲ್ಲಿಯ ಜನ ಒಂದು ರೋಗವೆಂಬಂತೆ ಹಾಸ್ಯವಾಗಿ ಹೆಸರಿಸಿದರು. ಸರ್ಕಾರವು ಶಾಲೆಗಳನ್ನು ಕೂಡಿಸಲು ಹೊರಟಿತು. ಪರಿಣಾಮವಾಗಿ ಊರುಗಳೇ ಒಡೆದವು. ಖರ್ಚಿನ ಹಂಚಿಕೆಯನ್ನು ಮೊದಲು ಇತ್ಯರ್ಥಪಡಿಸದೆ ಗಡಿಯನ್ನು ಮುಟ್ಟಿದರೆ ಏನಾಗಬಹುದೆಂಬುದಕ್ಕೆ ಇದು ಹಳೆಯ ದೃಷ್ಟಾಂತ.

ತೆರಿಗೆಯ ಹೊರೆ ಎಲ್ಲಿಂದ ಬರುತ್ತದೆ?

ಅಮೆರಿಕದ ರಾಜ್ಯಗಳ ಪೈಕಿ ಆಸ್ತಿ ತೆರಿಗೆಯ ಭಾರದಲ್ಲಿ ನ್ಯೂಜೆರ್ಸಿಗೆ ಮೊದಲ ಸ್ಥಾನವೆಂದು ಹೇಳುವುದುಂಟು. 2024ರಲ್ಲಿ ಅಲ್ಲಿನ ಮನೆಯೊಂದರ ಸರಾಸರಿ ವಾರ್ಷಿಕ ಆಸ್ತಿ ತೆರಿಗೆ 10,000 ಡಾಲರ್ ದಾಟಿತು. ಮನೆಯ ಮಾಲೀಕನಿಗೆ ಬರುವುದು ಒಂದೇ ಬಿಲ್ಲು. ಆದರೆ ಅದರ ಹಣ ಮೂರು ಕಡೆ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಶಾಲಾ ಜಿಲ್ಲೆಗೆ. ಉಳಿದುದರಲ್ಲಿ ದೊಡ್ಡ ಪಾಲು ಊರಿನ ಸ್ಥಳೀಯ ಸಂಸ್ಥೆಗೆ, ಚಿಕ್ಕ ಪಾಲು ಕೌಂಟಿಗೆ. ಶಿಕ್ಷಕರ ವೇತನದ ಬಹುಭಾಗವನ್ನು ಊರಿನ ಮನೆಗಂದಾಯವೇ ಹೊರಬೇಕಾದ ವ್ಯವಸ್ಥೆ ಇದು. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ವೇತನವನ್ನು ರಾಜ್ಯದ ಬೊಕ್ಕಸ ಭರಿಸುತ್ತದೆ. ಸದಸ್ಯರು ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳದೆ ಎರಡು ಕಡೆಯ ಕಂದಾಯವನ್ನು ಹೋಲಿಸಬಾರದು.

ಶಾಲೆಯ ಹಣ ಆಸ್ತಿ ತೆರಿಗೆಯಿಂದ ಬಂದಾಗ ಬೆಲೆಬಾಳುವ ಮನೆಗಳಿರುವ ಊರಿನ ಮಗುವಿಗೆ ಒಳ್ಳೆಯ ಶಾಲೆ, ಬಡ ಊರಿನ ಮಗುವಿಗೆ ಕಳಪೆ ಶಾಲೆ ಎಂಬ ಸ್ಥಿತಿ ಉಂಟಾಗುವುದು ಸಹಜ. 1973ರಲ್ಲಿ ರಾಬಿನ್ಸನ್ ವಿರುದ್ಧ ಕೇಹಿಲ್ ಪ್ರಕರಣದಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಶಾಸನಸಭೆ ಬದಲಿ ವರಮಾನವನ್ನು ಒದಗಿಸದೆ ಕಾಲ ತಳ್ಳಿದಾಗ, 1976ರ ಜುಲೈ ತಿಂಗಳ ಆರಂಭದಲ್ಲಿ ನ್ಯಾಯಾಲಯದ ಆದೇಶದಿಂದ ಶಾಲೆಗಳ ವೆಚ್ಚವೇ ನಿಂತುಹೋಯಿತು. ಬೇಸಿಗೆ ರಜೆಯ ಕಾಲವಾದುದರಿಂದ ತೊಂದರೆ ಮಿತವಾಗಿದ್ದರೂ ಒತ್ತಡ ಸಾಕಷ್ಟಿತ್ತು. ಕೆಲವೇ ದಿನಗಳಲ್ಲಿ ಗವರ್ನರ್ ಬ್ರೆಂಡನ್ ಬರ್ನ್ ಅವರ ಕಾಲದ ರಾಜ್ಯ ಆದಾಯ ತೆರಿಗೆ ಜಾರಿಗೆ ಬಂತು. ಅದರ ಉತ್ಪನ್ನವನ್ನು ಆಸ್ತಿ ತೆರಿಗೆಯ ಭಾರ ತಗ್ಗಿಸಲು ಮಾತ್ರ ಬಳಸಬೇಕೆಂದು ಸಂವಿಧಾನದಲ್ಲಿಯೇ ಬರೆಯಲಾಯಿತು.

ಆದರೂ ಆಸ್ತಿ ತೆರಿಗೆ ಏರುತ್ತಲೇ ಹೋಯಿತು. 2006ರಲ್ಲಿ ಗವರ್ನರ್ ಜಾನ್ ಕಾರ್ಜೈನ್ ಮಾರಾಟ ತೆರಿಗೆಯನ್ನು ಶೇ. 6ರಿಂದ ಶೇ. 7ಕ್ಕೆ ಏರಿಸಲು ಮುಂದಾದಾಗ ಆಯವ್ಯಯಕ್ಕೆ ಒಪ್ಪಿಗೆ ದೊರೆಯದೆ ರಾಜ್ಯ ಸರ್ಕಾರದ ಕಚೇರಿಗಳು ಸುಮಾರು ಒಂದು ವಾರ ಮುಚ್ಚಿದವು. ಕೊನೆಗೆ ಏರಿಕೆಯ ಅರ್ಧ ಭಾಗವನ್ನು ಆಸ್ತಿ ತೆರಿಗೆಯ ಪರಿಹಾರಕ್ಕೆ ಮೀಸಲಿಡಲು ಒಪ್ಪಿಗೆಯಾಯಿತು. ಅದೇ ವರ್ಷ ಶಾಸನಸಭೆಯ ವಿಶೇಷ ಅಧಿವೇಶನ ಕರೆದು ನಾಲ್ಕು ಜಂಟಿ ಸಮಿತಿಗಳನ್ನು ರಚಿಸಲಾಯಿತು. ಅವುಗಳಲ್ಲಿ ಒಂದರ ಕೆಲಸ ಸ್ಥಳೀಯ ಸಂಸ್ಥೆಗಳ ವಿಲೀನ ಮತ್ತು ಹಂಚಿಕೆಯ ಸೇವೆಗಳನ್ನು ಪರಿಶೀಲಿಸುವುದು. ಹೀಗೆ ತೆರಿಗೆ ಸುಧಾರಣೆಯ ಚರ್ಚೆ ಊರುಗಳ ವಿಲೀನದ ಚರ್ಚೆಯಾಗಿ ಹೊರಳಿತು. 2010ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಅವರ ಕಾಲದಲ್ಲಿ ಆಸ್ತಿ ತೆರಿಗೆಯ ಒಟ್ಟು ವಸೂಲಿ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿ ಬಂತು. ಸಾಲದ ಮರುಪಾವತಿಯಂತಹ ಕೆಲವು ಬಾಬುಗಳಿಗೆ ವಿನಾಯಿತಿ ಇದ್ದರೂ, ಚಿಕ್ಕ ಸಂಸ್ಥೆಗಳಿಗೆ ಇದು ಬಿಗಿಯಾಯಿತು.

ವಿಲೀನದ ಲೆಕ್ಕ

ಬಿಲ್ಲಿನ 100 ಡಾಲರ್‌ಗಳಲ್ಲಿ ಸುಮಾರು 30 ಡಾಲರ್ ಸ್ಥಳೀಯ ಸಂಸ್ಥೆಗೆ ಸೇರುವುದೆಂದು ಇಟ್ಟುಕೊಳ್ಳೋಣ. ಎರಡು ಸಂಸ್ಥೆಗಳು ಒಂದಾಗಿ ತಮ್ಮ ವೆಚ್ಚದಲ್ಲಿ ಶೇ. 10 ಉಳಿಸಿದರೆ, ಅದು ಸಾಧನೆಯೇ ಸರಿ, ಆದರೆ ಬಿಲ್ಲಿನಲ್ಲಿ ಇಳಿಯುವುದು 3 ಡಾಲರ್ ಮಾತ್ರ. ಶಾಲೆಯ ಪಾಲು ಹಾಗೆಯೇ ಉಳಿಯುತ್ತದೆ. ಇನ್ನು ಶೇ. 10ರ ಉಳಿತಾಯವೂ ಸುಲಭವಲ್ಲ. ಎರಡು ಊರುಗಳು ಸೇರಿದರೆ ಇಬ್ಬರು ಮುಖ್ಯಾಧಿಕಾರಿಗಳ ಬದಲು ಒಬ್ಬರು ಸಾಕಾಗಬಹುದು. ಎರಡು ಕಚೇರಿ ಕಟ್ಟಡಗಳಲ್ಲಿ ಒಂದನ್ನು ಬಿಟ್ಟುಕೊಡಬಹುದು. ಆದರೆ ರಸ್ತೆಯ ಉದ್ದ ಒಂದು ಅಡಿಯೂ ಕಡಿಮೆಯಾಗದು, ಚರಂಡಿಯ ಹೂಳು ಒಂದು ಬುಟ್ಟಿಯೂ ತಗ್ಗದು. ಆಡಳಿತದ ವೆಚ್ಚ ಸಂಸ್ಥೆಗಳ ಸಂಖ್ಯೆಯನ್ನು ಅವಲಂಬಿಸಿದೆ, ಕೆಲಸದ ವೆಚ್ಚ ನೆಲವನ್ನೂ ಜನರನ್ನೂ ಅವಲಂಬಿಸಿದೆ. ಮೊದಲನೆಯದರಲ್ಲಿ ಮಾತ್ರ ವಿಲೀನ ಲಾಭ ಕೊಡುತ್ತದೆ.

ಇದಕ್ಕಿಂತ ಕಠಿಣವಾದ ಲೆಕ್ಕ ಬೇರೊಂದಿದೆ. ಅಲ್ಲಿ ತೆರಿಗೆಯ ದರವನ್ನು ನಿಗದಿಪಡಿಸುವುದು ಹೀಗೆ: ಊರಿಗೆ ಬೇಕಾದ ಒಟ್ಟು ಮೊತ್ತವನ್ನು ಊರಿನ ಆಸ್ತಿಗಳ ಒಟ್ಟು ಮೌಲ್ಯದಿಂದ ಭಾಗಿಸಲಾಗುತ್ತದೆ. ತಿಳಿವಿಗಾಗಿ ರೂಪಾಯಿಯಲ್ಲಿಯೇ ಒಂದು ಕಲ್ಪಿತ ಉದಾಹರಣೆ ನೋಡಬಹುದು. ಮೊದಲನೆಯ ಊರಿನ ಆಸ್ತಿ ಮೌಲ್ಯ 100 ಕೋಟಿ, ಬೇಕಾದ ಹಣ 1 ಕೋಟಿ, ದರ ಶೇ. 1. ಎರಡನೆಯ ಊರಿನಲ್ಲಿ ಕಾರ್ಖಾನೆಗಳಿವೆ. ಮೌಲ್ಯ 300 ಕೋಟಿ, ಬೇಕಾದುದು 1.5 ಕೋಟಿ, ದರ ಶೇ. 0.5. ಎರಡನ್ನೂ ಕೂಡಿಸಿದರೆ 400 ಕೋಟಿ ಮೌಲ್ಯಕ್ಕೆ 2.5 ಕೋಟಿ, ಅಂದರೆ ಶೇ. 0.625. ಮೊದಲ ಊರಿನಲ್ಲಿ 20 ಲಕ್ಷ ರೂಪಾಯಿಯ ಮನೆಯವನಿಗೆ ತೆರಿಗೆ 20,000ದಿಂದ 12,500ಕ್ಕೆ ಇಳಿಯುತ್ತದೆ. ಎರಡನೆಯ ಊರಿನಲ್ಲಿ ಅಷ್ಟೇ ಬೆಲೆಯ ಮನೆಯವನಿಗೆ 10,000ದಿಂದ 12,500ಕ್ಕೆ ಏರುತ್ತದೆ. ಶೇ. 10ರ ಉಳಿತಾಯ ಸಾಧಿಸಿದರೂ ಅವನು 11,250 ಕೊಡಬೇಕು. ಒಟ್ಟು ವೆಚ್ಚದಲ್ಲಿ ಶೇ. 20 ಉಳಿದಾಗ ಮಾತ್ರ ಅವನು ಮೊದಲಿದ್ದ ಸ್ಥಿತಿಗೆ ಮರಳುತ್ತಾನೆ, ಲಾಭವಂತೂ ಆಗಲೂ ಇಲ್ಲ. ಆತ ವಿಲೀನಕ್ಕೆ ಏಕೆ ಮತ ಕೊಟ್ಟಾನು? ಅವನದು ಸ್ವಾರ್ಥವೆಂದು ದೂರುವುದು ಸುಲಭ. ಆದರೆ ಅವನ ಲೆಕ್ಕದಲ್ಲಿ ತಪ್ಪಿಲ್ಲ.

ಇಂಥ ಎರಡನೆಯ ಊರುಗಳು ನ್ಯೂಜೆರ್ಸಿಯಲ್ಲಿ ನಿಜವಾಗಿಯೂ ಇವೆ. ಟೆಟರ್‌ಬರೋ ಎಂಬಲ್ಲಿ ವಿಮಾನ ನಿಲ್ದಾಣವೂ ಕೈಗಾರಿಕಾ ಕಟ್ಟಡಗಳೂ ತುಂಬಿವೆ. 2010ರ ಜನಗಣತಿಯಲ್ಲಿ ನಿವಾಸಿಗಳು 67 ಮಂದಿ. ಕೈಗಾರಿಕೆಯ ತೆರಿಗೆಯೆಲ್ಲ ಆ 67 ಮಂದಿಯ ಸಂಸ್ಥೆಗೆ ಸೇರುತ್ತದೆ, ಅಲ್ಲಿ ದುಡಿಯುವವರ ಮಕ್ಕಳು ಓದುವ ಪಕ್ಕದ ಊರುಗಳಿಗಲ್ಲ.

ಪ್ರಿನ್ಸ್‌ಟನ್

ಚರ್ಚೆ ಇಷ್ಟು ದೊಡ್ಡದಾದರೂ ಕಾರ್ಯರೂಪಕ್ಕೆ ಬಂದ ವಿಲೀನಗಳು ಬೆರಳೆಣಿಕೆಯವು. ಅವುಗಳಲ್ಲಿ ವಿವರವಾಗಿ ನೋಡತಕ್ಕದ್ದು ಪ್ರಿನ್ಸ್‌ಟನ್‌ನದು. ವಿಶ್ವವಿದ್ಯಾಲಯದಿಂದ ಪ್ರಸಿದ್ಧವಾದ ಈ ಊರು 1894ರಲ್ಲಿ ಶಾಲಾ ತೆರಿಗೆಯ ವ್ಯಾಜ್ಯದಿಂದಲೇ ಎರಡಾಯಿತು. ನಡುವೆ ಎರಡು ಚದರ ಮೈಲಿಗಿಂತ ಕಡಿಮೆ ವಿಸ್ತೀರ್ಣದ ಪ್ರಿನ್ಸ್‌ಟನ್ ಬರೋ. ಅದರ ಸುತ್ತಲೂ ಬಳೆಯಂತೆ ಪ್ರಿನ್ಸ್‌ಟನ್ ಟೌನ್‌ಶಿಪ್. 2010ರಲ್ಲಿ ಬರೋದ ಜನಸಂಖ್ಯೆ 12,307, ಟೌನ್‌ಶಿಪ್‌ನದು 16,265. ಹೆಸರು ಒಂದೇ, ಪೇಟೆ ಒಂದೇ, ಪೊಲೀಸ್ ಪಡೆಗಳು ಎರಡು, ಆಡಳಿತಗಳು ಎರಡು.

ಒಂದುಗೂಡುವ ಪ್ರಸ್ತಾವ 1953, 1979 ಮತ್ತು 1996ರಲ್ಲಿ ಮತಕ್ಕೆ ಬಂದು ಮೂರು ಸಲವೂ ಸೋತಿತು. ಎರಡೂ ಕಡೆ ಪ್ರತ್ಯೇಕವಾಗಿ ಬಹುಮತ ಬೇಕೆಂಬುದು ಅಲ್ಲಿನ ನಿಯಮ. ತಡೆದುದು ಬರೋದ ಮತದಾರರು. ತಾವು ಸಂಖ್ಯೆಯಲ್ಲಿ ಚಿಕ್ಕವರು, ಒಂದಾದ ಮೇಲೆ ತಮ್ಮ ಬೀದಿಯ ವಿಷಯವನ್ನು ಹೊರಗಿನವರು ನಿರ್ಧರಿಸುವರೆಂಬುದು ಅವರ ಭಯ. ಈ ಭಯಕ್ಕೆ ಹಣದ ಲೆಕ್ಕದಲ್ಲಿ ಉತ್ತರವಿಲ್ಲ. ದೊಡ್ಡ ಗ್ರಾಮದೊಂದಿಗೆ ಸೇರಿರುವ ಚಿಕ್ಕ ಮಜರೆಯ ಸದಸ್ಯರಿಗೆ ಅದನ್ನು ವಿವರಿಸಿ ಹೇಳಬೇಕಾಗಿಯೂ ಇಲ್ಲ.

2011ರ ನವೆಂಬರ್ 8ರಂದು ನಾಲ್ಕನೆಯ ಸಲ ಮತ ನಡೆದಾಗ ಬರೋದಲ್ಲಿ 1,385 ಮಂದಿ ಪರವಾಗಿ, 902 ಮಂದಿ ವಿರೋಧವಾಗಿ ಮತ ನೀಡಿದರು. ಟೌನ್‌ಶಿಪ್‌ನಲ್ಲಿ 3,542 ಪರ, 604 ವಿರುದ್ಧ. ಈ ಬದಲಾವಣೆಗೆ ಶೇ. 2ರ ಮಿತಿಯ ಒತ್ತಡ ಒಂದು ಕಾರಣ. ಅದಕ್ಕಿಂತ ಮುಖ್ಯವಾದುದು, ಎರಡೂ ಕಡೆಯ ಪ್ರತಿನಿಧಿಗಳೂ ನಾಗರಿಕರೂ ಇದ್ದ ಜಂಟಿ ಆಯೋಗವೊಂದು ಮತಕ್ಕೆ ಮುಂಚೆಯೇ ಇಲಾಖೆವಾರು ಲೆಕ್ಕವನ್ನು ಬಹಿರಂಗವಾಗಿ ಮಂಡಿಸಿದುದು. ಶಾಲೆ, ಗ್ರಂಥಾಲಯ, ಯೋಜನಾ ಮಂಡಳಿ ಇವು ಮೊದಲೇ ಎರಡೂ ಊರುಗಳಿಗೆ ಸಮಾನವಾಗಿದ್ದವು. ಆದುದರಿಂದ ಜನ ಮತ ನೀಡಿದ್ದು ಅಪರಿಚಿತರ ಜೊತೆ ಸೇರುವುದಕ್ಕಲ್ಲ, ಉಳಿದ ಅರ್ಧವನ್ನು ಕೂಡಿಸುವುದಕ್ಕೆ.

2013ರ ಜನವರಿ 1ರಂದು ಪ್ರಿನ್ಸ್‌ಟನ್ ಒಂದಾಯಿತು. ಬರೋದ ಮೇಯರ್ ಮತ್ತು ಆರು ಸದಸ್ಯರು, ಟೌನ್‌ಶಿಪ್‌ನ ಐದು ಸದಸ್ಯರು, ಹೀಗೆ 12 ಚುನಾಯಿತ ಸ್ಥಾನಗಳಿದ್ದ ಕಡೆ 7 ಉಳಿದವು. ತಮ್ಮ ಸ್ಥಾನ ಇಲ್ಲವಾಗುವುದೆಂದು ತಿಳಿದೂ ಪ್ರಸ್ತಾವವನ್ನು ಮತಕ್ಕೆ ಬಿಟ್ಟ ಸದಸ್ಯರ ಬಗ್ಗೆ ವರದಿಗಳಲ್ಲಿ ಹೆಚ್ಚು ಮಾತಿಲ್ಲ, ಇರಬೇಕಿತ್ತು. ಎರಡು ಪೊಲೀಸ್ ಪಡೆಗಳು ಒಂದಾದವು. ಬರೋದಲ್ಲಿ ಸಂಸ್ಥೆಯೇ ಕಸ ಸಂಗ್ರಹಿಸುತ್ತಿತ್ತು, ಟೌನ್‌ಶಿಪ್‌ನಲ್ಲಿ ಮನೆಯವರೇ ಖಾಸಗಿಯಾಗಿ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದರು. ವಿಲೀನದ ನಂತರ ಈ ಸೇವೆ ಎಲ್ಲರಿಗೂ ವಿಸ್ತರಿಸಿತು. ಉಳಿತಾಯದ ಒಂದು ಭಾಗ ತೆರಿಗೆಯ ಇಳಿಕೆಯಾಗಿ ಅಲ್ಲ, ಹೊಸ ಸೇವೆಯಾಗಿ ಜನರಿಗೆ ಮರಳಿತೆಂಬುದನ್ನು ಗಮನಿಸಬೇಕು. ಶಾಲೆ ಮತ್ತು ಕೌಂಟಿಯ ತೆರಿಗೆಗಳನ್ನು ವಿಲೀನ ಮುಟ್ಟಲೇ ಇಲ್ಲ.

ಪ್ರಿನ್ಸ್‌ಟನ್‌ಗೆ ಮುಂಚಿನ ವಿಲೀನ 1997ರದು. ಅಣೆಕಟ್ಟಿಗಾಗಿ ಸರ್ಕಾರ ಭೂಮಿ ಕೊಂಡ ಮೇಲೆ ಬಹುತೇಕ ಜನರೇ ಉಳಿಯದಿದ್ದ ಪಹಾಕ್ವಾರಿ ಟೌನ್‌ಶಿಪ್ ನೆರೆಯ ಹಾರ್ಡ್‌ವಿಕ್‌ಗೆ ಸೇರಿತು. ನಂತರದ್ದು 2022ರಲ್ಲಿ, ಗಾಲ್ಫ್ ಮೈದಾನವೊಂದರ ಸುತ್ತ ಇದ್ದ ಪುಟ್ಟ ಪೈನ್ ವ್ಯಾಲಿ ಬರೋ ಪೈನ್ ಹಿಲ್‌ನಲ್ಲಿ ಲೀನವಾಯಿತು. ಕಾನೂನು, ಆಯೋಗ, ಪ್ರೋತ್ಸಾಹ ಎಲ್ಲ ಇದ್ದೂ ಕಾಲು ಶತಮಾನದಲ್ಲಿ 567 ಇದ್ದುದು 564 ಆಯಿತು, ಅಷ್ಟೆ.

ನಮ್ಮ ಕಾಯಿದೆಯಲ್ಲಿ

ಕರ್ನಾಟಕವೂ ಸ್ಥಳೀಯ ಗಡಿಗಳನ್ನು ಹಿಗ್ಗಿಸಿಯೂ ಕುಗ್ಗಿಸಿಯೂ ನೋಡಿದೆ. 1983ರ ಕಾಯಿದೆಯಡಿ ಸಾಮಾನ್ಯವಾಗಿ 8,000ದಿಂದ 12,000 ಜನಸಂಖ್ಯೆಗೆ ಒಂದರಂತೆ ಮಂಡಲ ಪಂಚಾಯಿತಿಗಳು ರಚನೆಯಾದವು. 1993ರ ಕಾಯಿದೆ ಅದನ್ನು 5,000ದಿಂದ 7,000ದ ಗ್ರಾಮ ಪಂಚಾಯಿತಿಗೆ ಇಳಿಸಿ, ಮಲೆನಾಡಿನ ಜಿಲ್ಲೆಗಳಿಗೆ 2,500ರವರೆಗೂ ಸಡಿಲಿಕೆ ನೀಡಿತು. 2015ರ ಪುನರ್ವಿಂಗಡಣೆಯ ನಂತರ ಪಂಚಾಯಿತಿಗಳ ಸಂಖ್ಯೆ 6,000 ದಾಟಿತು. ಒಟ್ಟಿನಲ್ಲಿ ನಮ್ಮ ಒಲವು ಚಿಕ್ಕ ಸಂಸ್ಥೆಯ ಕಡೆಗಿದೆ. ವಿಲೀನದ ಪ್ರಶ್ನೆ ಇಲ್ಲಿ ಬರುವುದು ಹೆಚ್ಚಾಗಿ ನಗರದ ಅಂಚಿನಲ್ಲಿ, ಪಂಚಾಯಿತಿಯೊಂದನ್ನು ಪಟ್ಟಣ ಪಂಚಾಯಿತಿಯಾಗಿ ಮಾರ್ಪಡಿಸುವಾಗ ಅಥವಾ ಪಕ್ಕದ ನಗರ ಸಂಸ್ಥೆಗೆ ಸೇರಿಸುವಾಗ. ಆಗ ಕಂದಾಯ 1993ರ ಕಾಯಿದೆಯ 199ನೆಯ ಪ್ರಕರಣದಿಂದ ಹೊರಬಂದು ಪೌರಸಭೆಗಳ ಕಾಯಿದೆಯ ಪದ್ಧತಿಗೆ ಒಳಪಡುತ್ತದೆ. ಗ್ರಾಮೀಣ ಉದ್ಯೋಗ ಖಾತರಿಯಂತಹ ಗ್ರಾಮಾಂತರ ಯೋಜನೆಗಳು ಕೈತಪ್ಪುತ್ತವೆ. ಮನೆಗಂದಾಯದ ಏರಿಕೆಯನ್ನು ಎಲ್ಲರೂ ಕೇಳುತ್ತಾರೆ. ಕೂಲಿಯ ದಿನಗಳು ಹೋಗುವುದನ್ನು ಮೊದಲು ಕೇಳುವವರು ಕಡಿಮೆ.

ಪ್ರಿನ್ಸ್‌ಟನ್‌ನಂತೆ ಇಲ್ಲಿ ಊರೂರಿನ ಮತದಾನವಿಲ್ಲ. ಪಂಚಾಯಿತಿ ಪ್ರದೇಶದ ಗಡಿಯನ್ನು ಬದಲಿಸುವ ಮುನ್ನ ಪ್ರಸ್ತಾವವನ್ನು ಮೊದಲೇ ಪ್ರಕಟಿಸಬೇಕೆಂದು 4ನೆಯ ಪ್ರಕರಣ ಹೇಳುತ್ತದೆ. ಜನರ ಮಾತು ಸಲ್ಲಬೇಕಾದುದು ಆಕ್ಷೇಪಣೆಯ ರೂಪದಲ್ಲಿ, ಆ ಅವಧಿಯೊಳಗೆ. ಆ ಅವಧಿ ಆರಂಭವಾದ ಮೇಲೆ ಲೆಕ್ಕ ಹುಡುಕಲು ಹೊರಟರೆ ಕಾಲ ಸಾಲದು. ಎರಡೂ ಸಂಸ್ಥೆಗಳ ತೆರಿಗೆ ಬೇಡಿಕೆ, ವಸೂಲಿ ಮತ್ತು ಬಾಕಿಯ ತಖ್ತೆ, ಬೀದಿದೀಪ ಹಾಗೂ ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಿಲ್ಲಿನ ಹಳೆಯ ಬಾಕಿ, ನೀರುಗಂಟಿ ಮತ್ತು ಸ್ವಚ್ಛತಾ ಸಿಬ್ಬಂದಿಯ ಸೇವಾ ವಿವರ, ಮಜರೆವಾರು ಜನಸಂಖ್ಯೆ ಮತ್ತು ಸದಸ್ಯ ಸ್ಥಾನ, ಇವಿಷ್ಟನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಗ್ರಾಮಸಭೆಯ ಮುಂದಿಡಬೇಕು. ಹಳೆಯ ವಿದ್ಯುತ್ ಬಾಕಿಯ ಅಂಕಣವನ್ನು ಖಾಲಿ ಬಿಡುವ ಅಭ್ಯಾಸ ಅನೇಕ ಕಡೆ ಇದೆ. ಆ ಅಂಕಣವನ್ನೇ ಮೊದಲು ತುಂಬತಕ್ಕದ್ದು.