ಆಟಿಯ ಮಳೆಯಲ್ಲಿ ಮನೆಯೊಳಗೆ

ಹಿಮ ಸುರಿದು ಬಾಗಿಲು ಮುಚ್ಚಿಹೋದ ಮನೆಗಳ ಚಿತ್ರಗಳನ್ನು ಪುಸ್ತಕಗಳಲ್ಲಿ ಕಂಡು ನಮ್ಮ ಮಕ್ಕಳು ಬೆರಗಾಗುತ್ತಾರೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎಂದು ಹೆಸರು. ಆಗ ಹಿಮ ಬಿದ್ದು ದಾರಿಗಳು ಮುಚ್ಚುವುದುಂಟು. ಆದುದರಿಂದ ಅಲ್ಲಿಯ ಗೃಹಿಣಿಯರು ಬಿಸಿಲಿರುವಾಗಲೇ ಬದನೆ, ಸೋರೆ, ಟೊಮೆಟೊಗಳನ್ನು ಹೆಚ್ಚಿ ಒಣಗಿಸಿಡುತ್ತಾರೆ. ಕಾಂಗಡಿಯೆಂಬ ಕೆಂಡದ ಬುಟ್ಟಿಯೇ ಮೈಗೆ ಬಿಸಿ.

ನಮ್ಮ ಕಾಸರಗೋಡಿನಲ್ಲಿ ಹಿಮವಿಲ್ಲ. ಆದರೆ ಮನೆಯೊಳಗೆ ಸಿಕ್ಕಿಕೊಳ್ಳುವ ದಿನಗಳು ನಮಗೂ ಇವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕರ್ಕಾಟಕ ಮಾಸವೇ ತುಳುವರ ಆಟಿ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕೇ ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ತೋಡು ತುಂಬಿ ಸಂಕ ಮುಳುಗಿತೆಂದರೆ ಆಚೆಯವರು ಆಚೆ, ಈಚೆಯವರು ಈಚೆ.

2019ರ ಆಗಸ್ಟ್ ಎರಡನೆಯ ವಾರದಲ್ಲಿ ತೇಜಸ್ವಿನಿ ಹೊಳೆ ದಡ ಮೀರಿ ಹರಿದುದು ಹಲವರಿಗೆ ನೆನಪಿರಬಹುದು. ಅದೇ ವಾರ ನಾವು ನಾಲ್ಕು ದಿನ ಮನೆಯಿಂದ ಹೊರಬೀಳಲಾಗದೆ ಕುಳಿತೆವು. ನಾವೆಂದರೆ ನಾವಿಬ್ಬರು, ಅಜ್ಜಿ ಮತ್ತು ಏಳು ವರ್ಷದ ಮಗ. ಅಕ್ಕಿಯಿತ್ತು, ಕಟ್ಟಿಗೆಯಿತ್ತು, ಜ್ವರದ ಮಾತ್ರೆಯೂ ಇತ್ತು. ಎಲ್ಲ ಸಿದ್ಧವಾಗಿದೆಯೆಂದೇ ನಾವು ತಿಳಿದಿದ್ದೆವು.

ಮೊದಲ ದಿನ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕುಳ್ಳಿರಿಸಿದೆವು. ಮಧ್ಯಾಹ್ನ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಸಂಜೆಗೆ ಮೊಬೈಲೂ ಸತ್ತಿತು. ಎರಡನೆಯ ದಿನ ಬೆಳಗ್ಗೆ ಕಾಫಿ ಕುಡಿದು ನೋಡುತ್ತೇವೆ, ಹುಡುಗನಿಲ್ಲ! ಕೊಡೆಯೂ ಇಲ್ಲ. ಓಡಿಹೋಗಿ ನೋಡಿದರೆ ತೋಟದ ಕೆಳಗಿನ ಅಂಚಿನಲ್ಲಿ, ಕೆಂಪು ನೀರು ಸುಳಿಯುವ ತೋಡಿನಿಂದ ನಾಲ್ಕು ಮಾರು ದೂರದಲ್ಲಿ, ಅಡಿಕೆ ಹಾಳೆಯ ದೋಣಿಯೊಂದನ್ನು ಹಿಡಿದು ನಿಂತಿದ್ದ. ರಟ್ಟೆ ಹಿಡಿದು ಎಳೆತಂದೆವು, ಬಾಯಿಗೆ ಬಂದಂತೆ ಗದರಿದೆವು. ಅಜ್ಜಿ ಮಾತ್ರ, “ಅವನಿಗೆ ಯಾಕೆ ಬಯ್ಯುತ್ತೀರಿ? ಅಕ್ಕಿಗೆ ಡಬ್ಬ ಹುಡುಕಿದಿರಿ, ಕಟ್ಟಿಗೆಗೆ ಜಾಗ ಹುಡುಕಿದಿರಿ. ಮಗುವಿಗೆ ಕೆಲಸ ಹುಡುಕಿದಿರಾ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಹರಿಯುವ ನೀರು ಮೊಣಕಾಲುದ್ದವಿದ್ದರೂ ದೊಡ್ಡವರನ್ನು ಕೆಡವಬಲ್ಲದು. ಇದನ್ನು ಮಗುವಿಗೆ ಹತ್ತು ಬಾರಿ ಹೇಳಿದ್ದೆವು. ಹೇಳಿದ ಮಾತು ಕಿವಿಗೆ ಬಿದ್ದಿತ್ತೇ ಹೊರತು ಲೆಕ್ಕಕ್ಕೆ ಬಿದ್ದಿರಲಿಲ್ಲ. ಲೆಕ್ಕಕ್ಕೆ ಬಿದ್ದುದು ಆ ಮಧ್ಯಾಹ್ನ, ಒಂದು ಗಾಜಿನ ಭರಣಿಯಿಂದ.

ಬುಡದಿಂದ ಬಾಯಿಯ ತನಕ ಒಂದೇ ಅಗಲವಿರುವ ಭರಣಿಯನ್ನು, ಮರ ಮಾಡುಗಳ ಹನಿ ಬೀಳದ ಅಂಗಳದ ನಡುವೆ, ಕಲ್ಲುಗಳ ಆಧಾರ ಕೊಟ್ಟು ಇಟ್ಟೆವು. ಒಳಗೆ ನಿಂತ ನೀರಿನ ಎತ್ತರವನ್ನು ಅಡಿಕೋಲಿನಿಂದ ಮಿಲ್ಲಿಮೀಟರ್‌ಗಳಲ್ಲಿ ಅಳೆದರೆ ಅದೇ ಮಳೆಯ ಅಳತೆ. ಭರಣಿ ಅಗಲವಿರಲಿ ಕಿರಿದಿರಲಿ, ಅಳತೆ ಬದಲಾಗದು. ಯಾಕೆಂದು ವಿದ್ಯಾರ್ಥಿಗಳು ತಾವೇ ಯೋಚಿಸಲಿ; ಎರಡು ಪಾತ್ರೆಗಳನ್ನು ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೆ ಅಳೆಯುತ್ತಾರೆ, ನಾವೂ ಅದೇ ಹೊತ್ತನ್ನು ಇಟ್ಟುಕೊಂಡೆವು. ಮರುದಿನ ಭರಣಿಯಲ್ಲಿದ್ದುದು 130 ಮಿಲ್ಲಿಮೀಟರ್. 24 ಗಂಟೆಗಳಲ್ಲಿ 64.5 ಮಿಲ್ಲಿಮೀಟರ್ ದಾಟಿದರೆ ಭಾರೀ ಮಳೆ, 115.6ಕ್ಕೆ ಮುಟ್ಟಿದರೆ ಅತಿ ಭಾರೀ, 204.4ನ್ನೂ ಮೀರಿದರೆ ಅದಕ್ಕಿಂತಲೂ ಮೇಲಿನ ತರಗತಿ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವಾಗ ಇಂಥ ಮುನ್ಸೂಚನೆಗಳನ್ನೇ ನೋಡುತ್ತಾರೆ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲ್ಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಮನೆಯ ಮಾಡು ಮುಚ್ಚುವ ನೆಲ 80 ಚದರ ಮೀಟರ್. ಹುಡುಗ ಸ್ಲೇಟಿನಲ್ಲಿ ಗುಣಿಸಿದ, ಅಜ್ಜಿಯ ಸಹಾಯವಿಲ್ಲದೆ, ಆದರೆ ಎರಡು ಬಾರಿ ತಪ್ಪಿ: 10,400 ಲೀಟರ್. ಹತ್ತು ಲೀಟರಿನ ಕೊಡಪಾನದಲ್ಲಿ 1,040 ಕೊಡಪಾನ! ಒಂದೇ ದಿನ, ನಮ್ಮ ಒಂದೇ ಮಾಡಿನಿಂದ! “ಹಾಗಾದರೆ ಗುಡ್ಡದಿಂದ ಎಷ್ಟು?” ಎಂದು ಕೇಳಿದ. ಆಮೇಲೆ ಕಿಟಕಿಯಿಂದ ತೋಡಿನ ಕಡೆ ನೋಡಿದ. ಹಾಳೆದೋಣಿಯ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಇಷ್ಟು ನೀರು ಹರಿದುಹೋಗುವ ಊರಿನಲ್ಲಿ ಏಪ್ರಿಲ್ ಬಂದಾಗ ಬಾವಿ ಬತ್ತುವುದೇಕೆ, ಹಿರಿಯರು ಗುಡ್ಡ ಕೊರೆದು ಸುರಂಗ ತೋಡಿ ನೀರು ತಂದುದೇಕೆ ಎಂಬ ಪ್ರಶ್ನೆಗಳೂ ಅಂದು ಬಂದವು. ಅವೇ ಇನ್ನೊಂದು ಲೇಖನದ ವಿಷಯ.

ಮೂರನೆಯ ದಿನ ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ಈ ಆಟ ಆಟಿಯಲ್ಲಿ ಮಾತ್ರ ಆಡತಕ್ಕದ್ದೆಂದು ನಮ್ಮ ಕಡೆಯ ನಂಬಿಕೆ. ಬೇಸಾಯದ ಹೊತ್ತಿನಲ್ಲಿ ಆಡುತ್ತ ಕೂತರೆ ಗದ್ದೆ ಯಾರು ನೋಡಬೇಕು? ನಿಯಮ ಮಾಡಿದವರು ಬುದ್ಧಿವಂತರೇ. ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು; ಮುಗಿದಲ್ಲಿಂದ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು; ಬರಿಗುಳಿ ಎದುರಾದರೆ ಅದರಾಚೆಯ ಗುಳಿಯ ಸೊತ್ತು ಆಡಿದವರಿಗೆ, ಸರದಿ ಮಾತ್ರ ಎದುರಾಳಿಗೆ. ಮನೆಮನೆಗೆ ನಿಯಮದಲ್ಲಿ ಸ್ವಲ್ಪ ವ್ಯತ್ಯಾಸವಿದೆ, ಜಗಳವೂ ಇದೆ. ಎತ್ತುವ ಮೊದಲೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಎಣಿಸುವುದರಲ್ಲಿ ಆಟದ ಸ್ವಾರಸ್ಯವೆಲ್ಲ ಇದೆ. ನಮ್ಮನ್ನು ಅಜ್ಜಿ ಸೋಲಿಸಿದರು. ಅಜ್ಜಿಯನ್ನು ಹುಡುಗ ಸೋಲಿಸಿದ. ಬೇಕೆಂದೇ ಸೋತರೆಂದು ನಮಗೆ ಸಂಶಯ.

ಮರುವರ್ಷದ ಸಿದ್ಧತೆ ಬೇರೆಯಾಯಿತು. ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಒಣಹಾಕಿದಾಗ ಕಾಗೆ ಓಡಿಸುವ ಕೆಲಸ ಅವನದು. ಹಲಸಿನ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿ, ಡಬ್ಬದಲ್ಲಿ ಎಷ್ಟಿದೆಯೆಂಬ ಲೆಕ್ಕವನ್ನು ಅವನ ವಶಕ್ಕೇ ಕೊಟ್ಟೆವು. ಕಲ್ಲಿನಂತಹ ಸಾಂತಾಣಿಯೊಂದನ್ನು ಬಾಯಿಗೆ ಹಾಕಿಕೊಂಡರೆ ಬಹಳ ಹೊತ್ತು ಮಗು ಮೌನ. ರಕ್ಷಕರು ಇದನ್ನು ಗಮನಿಸಬೇಕು! ಭರಣಿಯಲ್ಲಿ ಉಪ್ಪಿನಸೊಳೆ, ಬಾಳೆನಾರಿನಲ್ಲಿ ಕಟ್ಟಿ ತೂಗಿದ ಸೌತೆಕಾಯಿ, ಚಾಪೆಯಲ್ಲಿ ಪದರ ಪದರವಾಗಿ ಒಣಗಿದ ಮಾಂಬಳ ಎಲ್ಲವಕ್ಕೂ ಅವನ ಕೈ ತಾಗಿತ್ತು. ತಾನು ಕಾದ ಹಪ್ಪಳವನ್ನು ಮಳೆಯ ಸಂಜೆ ಕೆಂಡದಲ್ಲಿ ಸುಟ್ಟು ತಿನ್ನುವ ಮಗುವಿಗೆ ಮನೆ ಸೆರೆಮನೆಯಾಗಿ ಕಾಣುವುದಿಲ್ಲ. ಕೆಸುವಿನೆಲೆಯ ಪತ್ರೊಡೆಗೆ ಹುಳಿ ಯಾಕೆ ಹಾಕುತ್ತಾರೆಂದು ಕೇಳಿದಾಗ, ಎಲೆಯೊಳಗಿನ ಸೂಜಿಯಂತಹ ಆಕ್ಸಲೇಟ್ ಹರಳುಗಳ ತುರಿಕೆ ತಗ್ಗಲಿ ಎಂದೆವು. ಒಮ್ಮೆ ಹುಳಿ ಕಡಿಮೆಯಾಗಿ ನಾಲ್ವರ ಗಂಟಲೂ ತುರಿಸಿದುದರಿಂದ ಆ ಪಾಠ ಚೆನ್ನಾಗಿ ಮನದಟ್ಟಾಯಿತು.

ಇನ್ನು ದೊಡ್ಡವರ ಕೆಲಸಗಳು. ಟಾರ್ಚು, ಮೇಣದ ಬತ್ತಿ, ಮಾತ್ರೆ ಒಂದೇ ಕಡೆ ಇರಲಿ. ಪಂಪು ನಿಂತಾಗ ಬೇಕಾಗುವ ಬಾವಿಹಗ್ಗವನ್ನು ಮೊದಲೇ ನೋಡಿಕೊಳ್ಳಿ. ಬಾವಿಯ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಬೇಕು. ಕಾಲಲ್ಲಿ ಗಾಯವಿರುವ ಮಗುವನ್ನು ಕೆಸರುನೀರಿಗೆ ಇಳಿಸಬಾರದು, ಇಲಿಜ್ವರ ಬರುವುದು ಆ ದಾರಿಯಿಂದ. ಮನೆಯ ಹಿಂದೆ ಗುಡ್ಡ ಕಡಿದ ಎತ್ತರದ ಬರೆ ಇರುವವರಿಗೆ ಈ ಲೇಖನದ ಸಂತೋಷ ಯಾವುದೂ ಅನ್ವಯಿಸದು. ಅವರು ಮಳೆ ಬಲವಾಗುವ ಮೊದಲೇ, ಹಗಲು ಹೊತ್ತಿನಲ್ಲೇ, ಮಕ್ಕಳೊಂದಿಗೆ ನೆಂಟರ ಮನೆಗೋ ಶಿಬಿರಕ್ಕೋ ಹೋಗಬೇಕು.

ಮಳೆಯ ಪುಸ್ತಕವನ್ನು ಹುಡುಗ ಈಗಲೂ ಬರೆಯುತ್ತಿದ್ದಾನೆ. ಮೂರನೆಯ ಪುಸ್ತಕ ನಡೆಯುತ್ತಿದೆ. ಶಾಲೆಯಿರುವ ದಿನ ಬಸ್ಸಿಗೆ ಬೇಗ ಹೊರಡಬೇಕಾದುದರಿಂದ 8.30ರ ಅಳತೆ ಅಜ್ಜಿಯ ಪಾಲಿಗೆ ಬಂದಿದೆ. ಕನ್ನಡಕ ಸಿಗದ ದಿನಗಳಲ್ಲಿ ಅವರು ಅಂಕೆಯ ಜಾಗದಲ್ಲಿ ‘ತುಂಬ’ ಎಂದು ಬರೆದಿಡುತ್ತಾರೆ.