ವೈಟ್‌ಫೀಲ್ಡಿನ ಮುತ್ತಜ್ಜನನ್ನು ಚರ್ಚ್ ರಿಜಿಸ್ಟರಿನಲ್ಲಿ ಹುಡುಕುವುದು ಹೇಗೆ?

ವೈಟ್‌ಫೀಲ್ಡಿನ ಹಳೆಯ ಕ್ರೈಸ್ತ ಕುಟುಂಬದವರು ಮುತ್ತಜ್ಜನ ಜ್ಞಾನಸ್ನಾನದ ದಾಖಲೆಗಾಗಿ ಮೊದಲು ವಿಚಾರಿಸುವುದು ವೈಟ್‌ಫೀಲ್ಡಿನಲ್ಲೇ. ಅಲ್ಲಿ ಸಿಗದಿದ್ದರೆ ಅಲ್ಲಿಗೇ ಕೈಬಿಡುತ್ತಾರೆ. ಊರಿನ ವಯಸ್ಸು ನೋಡಿದರೆ ಸಿಗದಿರುವುದು ಸಹಜವೇ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟ ಮೇಲೆ ಎದ್ದ ವಸಾಹತು ಇದು. ಸಮುದಾಯದ ಮುಂದಾಳು ಡಿ.ಎಸ್. ವೈಟ್ ಹೆಸರು ಊರಿಗೆ ಬಂತು. ಇಲ್ಲಿನ ಮೆಮೋರಿಯಲ್ ಚರ್ಚ್ 1886ರದ್ದು. ಅದಕ್ಕೂ ಹಿಂದೆ ಹುಟ್ಟಿದವರನ್ನು ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ಚರ್ಚುಗಳಲ್ಲಿ, ಇಲ್ಲವೇ ಅವರು ಬಿಟ್ಟು ಬಂದ ಸೇನೆಯ ಊರು, ರೈಲ್ವೆ ಊರುಗಳಲ್ಲಿ ಹುಡುಕಬೇಕು. ಆಮೇಲೆ ಬಂದವರಾದರೆ ಕೋಲಾರ ಚಿನ್ನದ ಗಣಿಯನ್ನೂ ಮರೆಯಬಾರದು.

ಸಾವಿನಿಂದ ಹಿಂದಕ್ಕೆ ಹೋಗಿ

ಹುಟ್ಟಿನಿಂದ ಶುರು ಮಾಡಬೇಡಿ. ಸಮಾಧಿ ಕಲ್ಲಿನ ಮೇಲೆ ಸತ್ತ ದಿನ, ವಯಸ್ಸು ಇರುತ್ತದೆ. ಅದನ್ನು ಹಿಡಿದು ಸಮಾಧಿ ರಿಜಿಸ್ಟರ್, ಅಲ್ಲಿಂದ ಮದುವೆ, ಕೊನೆಗೆ ಜ್ಞಾನಸ್ನಾನ. ಮದುವೆ ದಾಖಲೆಯೇ ಹೆಚ್ಚು ಉಪಯೋಗದ್ದು. ಅದರಲ್ಲಿ ವಯಸ್ಸು, ಕಸುಬು, ವಾಸದ ಊರು, ತಂದೆಯ ಹೆಸರು ಒಂದೇ ಸಾಲಿನಲ್ಲಿ ಸಿಗುತ್ತವೆ. ಮನೆಯ ಹಳೇ ಬೈಬಲಿನ ಮೊದಲ ಹಾಳೆ ನೋಡುವುದನ್ನು ಮರೆಯಬೇಡಿ. ಮಕ್ಕಳು ಹುಟ್ಟಿದ ದಿನಗಳನ್ನು ಅಲ್ಲಿ ಬರೆದಿಡುವ ರೂಢಿ ಬಹಳ ಮನೆಗಳಲ್ಲಿತ್ತು.

ಯಾವ ಚರ್ಚು?

ಕುಟುಂಬ ಈಗ ಹೋಗುವ ಚರ್ಚು ಮುಖ್ಯವಲ್ಲ, ಆಗ ಯಾವ ಪಂಗಡಕ್ಕೆ ಸೇರಿತ್ತು ಎಂಬುದು ಮುಖ್ಯ. ಇಂದಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಅದಕ್ಕೆ ಮೊದಲು ಆಂಗ್ಲಿಕನ್, ವೆಸ್ಲಿಯನ್, ಲಂಡನ್ ಮಿಷನ್ ಎಂದು ಬೇರೆ ಬೇರೆ ಲೆಕ್ಕ. ಆಂಗ್ಲಿಕನ್ನರಾದರೆ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿಯಲ್ಲಿ ಕೇಳಿ. ಮಿಷನ್ ಸಭೆಯವರಾಗಿದ್ದರೆ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ವಿಚಾರಿಸಿ. ಮಂಗಳೂರು ಕಡೆಯಿಂದ ಬಂದ ಬಾಸೆಲ್ ಮಿಷನ್ ಮನೆತನದವರಿಗೆ ದಾರಿಯೇ ಬೇರೆ: ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು.

ಕೇಳುವ ರೀತಿ

ಭಾನುವಾರ ಪೂಜೆ ಮುಗಿದ ಹೊತ್ತಿನಲ್ಲಿ ಫಾದರ್ ಅವರನ್ನು ತಡೆದು ನಿಲ್ಲಿಸಬೇಡಿ. ಹೆಸರು, ತಂದೆ-ತಾಯಿ, ಅಂದಾಜು ಐದು ವರ್ಷದ ಅವಧಿ ಬರೆದು, ನಿಮಗೆ ಅವರು ಏನಾಗಬೇಕೆಂದು ತಿಳಿಸಿ, ವಾರದ ದಿನ ಆಫೀಸಿಗೆ ಅರ್ಜಿ ಕೊಡಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಮದುವೆ ರಿಜಿಸ್ಟರ್ ಹುಡುಕಿಸಬಹುದು, ಸಹಿ ಮಾಡಿದ ನಕಲೂ ಪಡೆಯಬಹುದು. ಈ ಕಾಯ್ದೆ ಮದುವೆಗಷ್ಟೇ. ಜ್ಞಾನಸ್ನಾನದ ಪುಸ್ತಕ ತೆರೆಸುವುದು ನಿಮ್ಮ ನಯದ ಮಾತಿಗೆ ಬಿಟ್ಟದ್ದು. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಫೋಟೊ ತೆಗೆಯಲು ಅನುಮತಿ ಕೇಳಿ.

ಅರುಳಪ್ಪ ಅಲ್ಲಿ ಯೊವಾನ್ನೆಸ್

ಕಥೋಲಿಕರ ಹಳೆಯ ರಿಜಿಸ್ಟರುಗಳು ಲ್ಯಾಟಿನ್‌ನಲ್ಲಿವೆ. ಹೆದರಬೇಕಿಲ್ಲ, ನಾಲ್ಕೈದು ಪದ ಸಾಕು: ನಾತುಸ್ ಎಂದರೆ ಹುಟ್ಟಿದವನು, ಫಿಲಿಯಾ ಮಗಳು, ಪತ್ರಿನುಸ್ ಜ್ಞಾನತಂದೆ, ಸೆಪುಲ್ತುಸ್ ಹೂಳಲ್ಪಟ್ಟವನು. ಕಾಡುವುದು ಹೆಸರುಗಳು. ಮನೆಯಲ್ಲಿ ರಾಯಪ್ಪ ಆಗಿದ್ದವನು ಅಲ್ಲಿ ಪೆತ್ರುಸ್, ಚಿನ್ನಪ್ಪ ಪೌಲುಸ್, ಅರುಳಪ್ಪ ಯೊವಾನ್ನೆಸ್, ಇನ್ನಾಸಪ್ಪ ಇಗ್ನಾತಿಯುಸ್, ಚೌರಪ್ಪ ಕ್ಸವೇರಿಯುಸ್. ಮನೆತನದ ಹೆಸರಿಲ್ಲದ ಕುಟುಂಬಗಳಲ್ಲಿ ಒಂದೇ ವರ್ಷದ ಮೂರು ಪೆತ್ರುಸ್ ಎದುರಾದರೆ ತಾಯಿಯ ಹೆಸರು, ಜ್ಞಾನತಂದೆ-ಜ್ಞಾನತಾಯಿಯರ ಹೆಸರು ನೋಡಿ. ಅವರು ಸಾಮಾನ್ಯವಾಗಿ ಸೋದರಮಾವ, ಅತ್ತೆ, ಚಿಕ್ಕಪ್ಪನೇ ಆಗಿರುತ್ತಾರೆ. ನಿಮಗೆ ಗೊತ್ತಿರುವ ಒಂದು ಹೆಸರು ಅಲ್ಲಿದ್ದರೆ ಆ ಪೆತ್ರುಸ್ ನಿಮ್ಮವನೇ ಇರಬೇಕು. ಪುಟದ ಅಂಚನ್ನಂತೂ ಬಿಡಲೇಬೇಡಿ. 1908ರಿಂದೀಚೆಗೆ, ಒಬ್ಬರ ಮದುವೆ ಯಾವ ಚರ್ಚಿನಲ್ಲಿ ನಡೆದರೂ ಅದನ್ನು ಅವರ ಜ್ಞಾನಸ್ನಾನದ ದಾಖಲೆಯ ಪಕ್ಕ ಬರೆಯಬೇಕೆಂಬ ನಿಯಮವಿದೆ. ಬರೆದಿದ್ದರೆ ಮುಂದೆ ಹೋಗಬೇಕಾದ ಚರ್ಚಿನ ವಿಳಾಸ ಅಲ್ಲೇ ಸಿಕ್ಕಂತೆ.

ಲಂಡನ್ನಿನ ಪಟ್ಟಿ ಯಾರಿಗೆ?

ಕಂಟೋನ್ಮೆಂಟಿನ ಚರ್ಚುಗಳು ತಮ್ಮ ದಾಖಲೆಗಳ ಪ್ರತಿಯನ್ನು ಮದರಾಸಿನ ಮೂಲಕ ಲಂಡನ್ನಿಗೆ ಕಳಿಸುತ್ತಿದ್ದವು. 1698ರಿಂದ ಶುರುವಾಗುವ ಮದರಾಸಿನ ಆ ಸಾಲು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಫ್ಯಾಮಿಲಿಸರ್ಚ್ ಮತ್ತು ಫಿಬಿಸ್ ಜಾಲತಾಣಗಳಲ್ಲಿ ಉಚಿತವಾಗಿ ಹುಡುಕಬಹುದು. ಮೂಲ ಪುಟದ ಚಿತ್ರ ಬೇಕೆಂದರೆ ಹಣ ಕೊಟ್ಟು ಫೈಂಡ್‌ಮೈಪಾಸ್ಟ್ ಸೇರಬೇಕು. ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಆದರೆ ಆ ಪಟ್ಟಿಗಳಲ್ಲಿರುವವರು ಬಹುಪಾಲು ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು. ಕನ್ನಡ, ತಮಿಳು ಕ್ರೈಸ್ತರ ಹೆಸರುಗಳು ಹೆಚ್ಚಾಗಿ ಉಳಿದಿರುವುದು ಆಯಾ ಚರ್ಚಿನ ಬೀರುವಿನಲ್ಲಿ ಮಾತ್ರ. ನಿಮ್ಮ ಮುತ್ತಜ್ಜ ಚೌರಪ್ಪನೋ ಅಂತೋಣಪ್ಪನೋ ಆಗಿದ್ದರೆ ಜಾಲತಾಣಕ್ಕೆ ದುಡ್ಡು ಕಟ್ಟುವ ಮೊದಲು ಚರ್ಚಿನ ಆಫೀಸಿಗೆ ಹೋಗಿ ಬನ್ನಿ.